ದ್ವಿಜಪದನ ಹೆಸರಿನ ಹಾಡುಗಳು

ದ್ವಿಜಪದ ಕರ್ಮಕಾರ್ ಭಾಷಣಕ್ಕೆ ನಿಂತರೆ ಕುಸುಮಜೋಡ್ ಊರಿನ ಗಂಡಸರಿಗೆ ತಮ್ಮ ತಮ್ಮ ಎತ್ತುಗಳ ನೆನಪಾಗುತ್ತಿತ್ತು. ನೀರು ಕುಡಿಸಬೇಕು ಅಂತ ಒಬ್ಬ, ಹುಲ್ಲು ಹಾಕಿ ಬಂದಿಲ್ಲ ಅಂತ ಇನ್ನೊಬ್ಬ, ಹೀಗೆ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಿದ್ದರು. ಎತ್ತಿಲ್ಲದವರೂ ಹೋಗುತ್ತಿದ್ದರು. ಕೊನೆಗೆ ಆಲದ ಮರದ ಕೆಳಗೆ ಉಳಿಯುತ್ತಿದ್ದವರು ಹೆಂಗಸರು ಮಾತ್ರ. ಅವರೂ ಭಾಷಣಕ್ಕಾಗಿ ಕೂತವರಲ್ಲ, ಅದು ಮುಗಿದ ಮೇಲೆ ಹಾಡುವ ಸರದಿ ಅವರದು. ದ್ವಿಜಪದನ ಹೆಂಡತಿ ಬಿಂದುಬಾಲಾ ಎಲ್ಲರಿಗಿಂತ ಮುಂದೆ ಕೂತು, ಅವನು ‘ಮಾತೃಭಾಷೆಯ ಗರಿಮೆ’ ಅಂದಾಗಲೆಲ್ಲ ಆಕಳಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಗಂಡನ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲ ಅಂತಲ್ಲ. ಭಾಷಣದ ಮೇಲೆ ಇರಲಿಲ್ಲ.

ದ್ವಿಜಪದನ ಅಪ್ಪ ಕುಲುಮೆಯಲ್ಲಿ ನೇಗಿಲ ಗುಳ ಬಡಿಯುತ್ತಿದ್ದವನು. ಮಗನ ತೋಳು ಸುತ್ತಿಗೆಗೆ ಆಗುವಂಥದ್ದಲ್ಲ ಅಂತ ಗೊತ್ತಾದ ಮೇಲೆ ಅವನನ್ನು ಓದಿಸಿದ. ಮಗ ಮೆಟ್ರಿಕ್ ಮುಗಿಸಿ ಊರಿನ ಶಾಲೆಗೇ ಮಾಸ್ತರನಾದ. ನಮ್ಮ ಮಾನ್‌ಭೂಮ್ ಜಿಲ್ಲೆ ಆಗ ಬಿಹಾರಕ್ಕೆ ಸೇರಿತ್ತು. ಊರು ಬಿಹಾರದಲ್ಲಿತ್ತು, ಊರಿನ ಬಾಯಿ ಬಂಗಾಳಿಯಲ್ಲಿತ್ತು. ಬಹಳ ಕಾಲ ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ ಶಾಲೆಯ ಇನ್ಸ್‌ಪೆಕ್ಟರ್ ಬಂದ. ಬೋರ್ಡು ನೋಡಿದ, ಮಕ್ಕಳ ಪಾಟಿ ನೋಡಿದ, ಇನ್ನು ಮೇಲೆ ಎಲ್ಲ ಹಿಂದಿಯಲ್ಲಿ ಆಗಬೇಕು ಅಂದ.

“ಮಕ್ಕಳಿಗೆ ಹಿಂದಿ ಅರ್ಥ ಆಗಲ್ಲ ಸರ್,” ಅಂದ ದ್ವಿಜಪದ.

“ಅದಕ್ಕೇ ಅಲ್ವೇನ್ರಿ ಶಾಲೆ ಇರೋದು,” ಅಂದ ಇನ್ಸ್‌ಪೆಕ್ಟರ್.

ಆ ಮಾತಿಗೆ ಉತ್ತರ ಹುಡುಕುವುದರಲ್ಲಿ ದ್ವಿಜಪದ ಮುಂದಿನ ಎಂಟು ವರ್ಷ ಕಳೆದ. ಸದ್ಯಕ್ಕೆ ಬಂಗಾಳಿಯಲ್ಲೇ ಪಾಠ ಮುಂದುವರಿಸಿದ. ಕೆಲಸ ಹೋಯಿತು. ಮನೆಗೆ ಬಂದು ಹೆಂಡತಿಗೆ ಹೇಳಿದ. ಬಿಂದುಬಾಲಾ ಒಲೆಯ ಮುಂದಿನಿಂದ ತಿರುಗಿ, “ಅಂದ್ರೆ ನಾಳೆಯಿಂದ ಹಗಲೆಲ್ಲಾ ಮನೇಲೇ ಇರ್ತೀರಾ?” ಅಂತ ಕೇಳಿದಳು. ಅವಳಿಗೆ ನಿಜಕ್ಕೂ ಗಾಬರಿಯಾಗಿತ್ತು. ಪುಣ್ಯಕ್ಕೆ ಹಾಗಾಗಲಿಲ್ಲ. ಪುರುಲಿಯಾ ಪಟ್ಟಣದಲ್ಲಿ ಬಂಗಾಳಿ ಮಾತಾಡುವ ಊರುಗಳನ್ನು ಬಂಗಾಳಕ್ಕೆ ಸೇರಿಸಬೇಕು ಅಂತ ಹೋರಾಡುವ ಸಂಘವೊಂದಿತ್ತು. ದ್ವಿಜಪದ ಅದನ್ನು ಸೇರಿದ. ಖಾದಿ ಜುಬ್ಬಾ ಹೊಲಿಸಿಕೊಂಡ. ಊರೂರು ತಿರುಗಿ ಭಾಷಣ ಮಾಡಿದ. ಊರೂರಿನ ಎತ್ತುಗಳೂ ಹೊತ್ತಿಗೆ ಸರಿಯಾಗಿ ನೀರು ಕುಡಿದವು.

ಇನ್ನು ಬಿಂದುಬಾಲಾಳ ವಿಷಯ. ಪೌಷ ಮಾಸ ಬಂತೆಂದರೆ ನಮ್ಮ ಕಡೆಯ ಹೆಂಗಸರು ಟುಸುವನ್ನು ಕೂರಿಸುತ್ತಾರೆ. ಮಣ್ಣಿನ ಬಟ್ಟಲಲ್ಲಿ ಅಕ್ಕಿಯ ತೌಡು, ಮೇಲೆ ಚೆಂಡುಹೂವು, ಅಷ್ಟೇ ದೇವಿ. ದಿನಾ ಸಂಜೆ ಅವಳ ಸುತ್ತ ಕೂತು ಹಾಡುತ್ತಾರೆ. ಅತ್ತೆಯ ಬಾಯಿ, ಉಪ್ಪಿನ ಬೆಲೆ, ಗಂಡನ ಸೋಮಾರಿತನ, ಯಾವುದಕ್ಕೂ ರಿಯಾಯಿತಿ ಇಲ್ಲ. ಸಂಕ್ರಾಂತಿಯ ಬೆಳಿಗ್ಗೆ ಬಿದಿರು ಮತ್ತು ಬಣ್ಣದ ಕಾಗದದ ಮಂಟಪದಲ್ಲಿ ಅವಳನ್ನು ಹೊತ್ತು ಹೊಳೆಗೆ ಬಿಡುತ್ತಾರೆ. ಅಲ್ಲಿ ಎರಡು ಊರಿನ ಹೆಂಗಸರು ಎದುರಾದರೆ ಹಾಡಿನಲ್ಲೇ ಜಗಳ. ಉತ್ತರ ಕೊಡಲಾಗದೆ ಸುಮ್ಮನಾದ ಊರು ವರ್ಷವಿಡೀ ತಲೆ ತಗ್ಗಿಸಿಕೊಂಡಿರಬೇಕು.

ಈ ಹಾಡು ಯಾರು ಕಟ್ಟಿದ್ದು ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಟುಸು ಕೊಟ್ಟಳು ಅನ್ನಬೇಕು. ನಾನು ಕಟ್ಟಿದೆ ಅಂದವಳನ್ನು ಮರುದಿನ ಬಾವಿಕಟ್ಟೆಯಲ್ಲಿ ಯಾರೂ ಮಾತಾಡಿಸುವುದಿಲ್ಲ. ಕುಸುಮಜೋಡ್‌ನಲ್ಲಿ ಹಾಡು ಹೊರಡುತ್ತಿದ್ದದ್ದು ಬಿಂದುಬಾಲಾಳ ಬಾಯಿಂದ ಅನ್ನುವುದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಅಕ್ಕಿ ಕುಟ್ಟುವಾಗಲೋ ಮೀನು ಹೆಚ್ಚುವಾಗಲೋ ಮೊದಲ ಸಾಲು ಬರುತ್ತಿತ್ತು. ಮೀನು ಮುಗಿಯುವ ಹೊತ್ತಿಗೆ ಹಾಡೂ ಮುಗಿದಿರುತ್ತಿತ್ತು.

ಗಂಡನ ಕೆಲಸ ಹೋದ ಮೇಲಿನ ಒಂದು ಪೌಷದಲ್ಲಿ ಹೀಗೊಂದು ಹಾಡು ಬಂತು:

ಟುಸುಮಣಿ ಕೇಳೇ, ಸಾಹೇಬ ಬಂದ,
ನಮ್ಮ ಬಾಯಿಗೆ ಅವನ ನಾಲಿಗೆ ತಂದ;
ಹೊಲಿಯೋಕೆ ದಾರ ಎಲ್ಲಿಂದ ತರಲಿ,
ನನ್ನ ನಾಲಿಗೆ ನಾನೆಲ್ಲಿ ಇಡಲಿ?

ಹಾಡು ಮೂರು ಸಂತೆ ದಾಟುವ ಹೊತ್ತಿಗೆ ಜಿಲ್ಲೆಯೆಲ್ಲ ಹಬ್ಬಿತು. ಗಾಡಿ ಹೊಡೆಯುವವರು ಹಾಡಿದರು, ಅರಗಿನ ಕಾರ್ಖಾನೆಯ ಕೂಲಿಯವರು ಹಾಡಿದರು. ಒಬ್ಬ ಪೊಲೀಸಿನವನೇ ಸೈಕಲ್ ತುಳಿಯುತ್ತಾ ಗುನುಗುತ್ತಿದ್ದ ಅಂತಲೂ ಸುದ್ದಿ. ದ್ವಿಜಪದನ ಭಾಷಣಗಳಿಂದ ಆಗದೇ ಇದ್ದದ್ದು ನಾಲ್ಕು ಸಾಲಿನಲ್ಲಿ ಆಗಿಹೋಗಿತ್ತು. ಸಂಘದವರಿಗೆ ಜ್ಞಾನೋದಯವಾಯಿತು. ಇನ್ನು ಮೇಲೆ ಹಾಡೇ ಸತ್ಯಾಗ್ರಹ ಅಂತ ತೀರ್ಮಾನಿಸಿದರು. ಸರ್ಕಾರ ಹಾಡಿನಿಂದ ಶಾಂತಿ ಕೆಡುತ್ತದೆ ಅಂತ ಹೇಳಿ ಹಾಡುವವರನ್ನು ಹಿಡಿಯತೊಡಗಿತು.

ಈಗ ದ್ವಿಜಪದನಿಗೆ ಪೇಚಾಟ ಶುರುವಾಯಿತು. ಅವನಿಗೆ ಹಾಡಲು ಬಾರದು. ಶ್ರುತಿ ತಪ್ಪುವುದು ಅಂತಲ್ಲ, ಶ್ರುತಿಗೂ ಅವನಿಗೂ ಪರಿಚಯವೇ ಇರಲಿಲ್ಲ. ಸಂತೆಯಲ್ಲಿ ಹೆಂಗಸರ ಸಾಲಿನ ಪಕ್ಕ ನಿಂತು ಬಾಯಿ ಮಾತ್ರ ಆಡಿಸುತ್ತಿದ್ದ. ಒಂದು ದಿನ ಪೊಲೀಸ್ ಲಾರಿ ಬಂತು, ಹೆಂಗಸರನ್ನೆಲ್ಲ ಹತ್ತಿಸಿದರು. ದ್ವಿಜಪದನೂ ಹತ್ತಲು ಹೋದ. ಠಾಣೆಯ ಮುಖ್ಯಸ್ಥ ದರೋಗ ತಡೆದ.

“ಮಾಸ್ತರ್, ನೀವು ಇಳೀರಿ. ನೀವು ಹಾಡಲಿಲ್ಲ.”

“ಹಾಡಿದೆ.”

“ನಾನು ನೋಡ್ತಾನೇ ಇದ್ದೆ. ಬರೀ ಬಾಯಿ ಆಡಿಸಿದ್ರಿ. ಅದಕ್ಕೆ ಕಾನೂನಲ್ಲಿ ಯಾವ ಸೆಕ್ಷನ್ನೂ ಇಲ್ಲ.”

“ಹಾಗಾದ್ರೆ ಈಗ ಹಾಡ್ತೀನಿ.”

“ದಯವಿಟ್ಟು ಬೇಡ,” ಅಂದ ದರೋಗ. ಒಳ್ಳೆಯ ಮನುಷ್ಯ. ಲಾರಿ ಹೊರಟಿತು. ಒಳಗಿನಿಂದ ಬಿಂದುಬಾಲಾ, “ತಂಗಳನ್ನ ಮಡಕೇಲಿದೆ, ಮೆಣಸಿನಕಾಯಿ ಗೂಡಲ್ಲಿದೆ!” ಅಂತ ಕೂಗಿದಳು. ಭಾಷೆಗಾಗಿ ಕೆಲಸ ಕಳೆದುಕೊಂಡ ನಾಯಕ ಸಂತೆಯ ಮಧ್ಯೆ ಒಬ್ಬನೇ ನಿಂತಿದ್ದ. ಆ ದಿನ ಅವನಿಗೆ ಆದ ನಾಚಿಕೆ ಅಷ್ಟಿಷ್ಟಲ್ಲ.

ಆ ಸಲ ಹಿಡಿದ ಹೆಂಗಸರನ್ನು ಕೋರ್ಟಿಗೆ ತಂದರು. ಹಾಡಿದವರಿಗೆ ಎಚ್ಚರಿಕೆ ಕೊಟ್ಟು ಬಿಡುವುದು, ಕಟ್ಟಿದವರನ್ನು ಒಳಗೆ ಹಾಕುವುದು ಅಂತ ಮೇಲಿನ ಹುಕುಂ. ಮ್ಯಾಜಿಸ್ಟ್ರೇಟರು ಎಲ್ಲರಿಗಿಂತ ಹಿರಿಯಳು ಅಂತ ಖ್ಯಾಂತ ಪಿಸಿಯನ್ನು ಕರೆದರು. ಖ್ಯಾಂತ ಮುದಿ ವಿಧವೆ, ಊರಿಗೆಲ್ಲ ಸೋದರತ್ತೆ ಇದ್ದ ಹಾಗೆ. ಮಂಡಕ್ಕಿ ಹುರಿದು ಮಾರುತ್ತಿದ್ದಳು.

“ಈ ಹಾಡು ಯಾರು ಕಟ್ಟಿದ್ದು?”

“ಯಾರೂ ಕಟ್ಟಲ್ಲ ಹುಜೂರ್. ಬರತ್ತೆ.”

“ಎಲ್ಲಿಂದ ಬರುತ್ತೆ?”

“ಟುಸು ಕೊಡ್ತಾಳೆ.”

“ಈ ಟುಸು ಎಲ್ಲಿರೋದು?”

“ಸದ್ಯ ಹೊಳೇಲಿ ಹುಜೂರ್. ಸಂಕ್ರಾಂತಿ ಆಯ್ತಲ್ಲ.”

ಕೋರ್ಟಿನ ಗುಮಾಸ್ತ ಪೇಷ್ಕಾರ ಬರೆಯುವುದನ್ನು ನಿಲ್ಲಿಸಿ ಸಾಹೇಬರ ಮುಖ ನೋಡಿದ. ಸಮನ್ಸ್ ಕಳಿಸಬೇಕೋ ಬೇಡವೋ ಅಂತ ಅವನಿಗೆ ಅನುಮಾನ. ಸಾಹೇಬರು ಮೇಜು ಕುಟ್ಟಿ, ಕಟ್ಟಿದವರು ಯಾರು ಅಂತ ಹೇಳದಿದ್ದರೆ ಎಲ್ಲರನ್ನೂ ಒಳಗೆ ಹಾಕುತ್ತೇನೆ ಅಂದರು.

ಬಿಂದುಬಾಲಾ ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡಳು. ಹುಟ್ಟಿದಾಗಿನಿಂದ ಹೇಳದೇ ಇದ್ದ ಮಾತು ಅದು, ಹೇಳಬಾರದ ಮಾತು. ಈಗ ಹೇಳಲೇಬೇಕಾಗಿ ಬಂದಿತ್ತು, ಹೇಳಿದರೆ ಬಾವಿಕಟ್ಟೆಯಲ್ಲಿ ಯಾರೂ ತಪ್ಪು ತಿಳಿಯುವಂತೆಯೂ ಇರಲಿಲ್ಲ. ಜೈಲಿನ ಭಯ ಇತ್ತು, ನಿಜ. ಆದರೆ ಭಯಕ್ಕಿಂತ ಹೆಚ್ಚಾಗಿ ಅವಳಿಗೆ ಆಸೆಯಾಯಿತು. ಒಂದೇ ಒಂದು ಸಲ, ಎಲ್ಲರ ಮುಂದೆ, ಇದು ನನ್ನದು ಅನ್ನಬೇಕು. ನೆಲಕ್ಕೆ ಕೈಯೂರಿ ಏಳಲು ಹೊರಟಳು.

“ನಾನು ಕಟ್ಟಿದ್ದು ಹುಜೂರ್.”

ಮಾತು ಹಿಂದಿನ ಬೆಂಚಿನಿಂದ ಬಂದಿತ್ತು. ದ್ವಿಜಪದ ಎದ್ದು ನಿಂತಿದ್ದ.

ಸಾಹೇಬರಿಗೆ ಜೀವ ಬಂದಂತಾಯಿತು. ಓದಿದವನು, ಸಂಘದವನು, ಕೆಲಸ ಕಳೆದುಕೊಂಡವನು, ಇವನಲ್ಲದೆ ಇನ್ಯಾರು? ಒಂದು ವರ್ಷ ಶಿಕ್ಷೆ ಬರೆದರು. ದ್ವಿಜಪದ ಮದುವೆ ಗಂಡಿನ ಹಾಗೆ ಎದೆ ಸೆಟೆಸಿಕೊಂಡು ಪೊಲೀಸರ ಮಧ್ಯೆ ನಡೆದುಹೋದ. ಬಾಗಿಲ ಹತ್ತಿರ ಹೆಂಡತಿಯ ಕಡೆ ತಿರುಗಿ, ಎಲ್ಲಾ ಸರಿಹೋಯ್ತು ಅನ್ನುವಂತೆ ತಲೆಯಾಡಿಸಿದ. ಅವನು ತನ್ನನ್ನು ಜೈಲಿನಿಂದ ತಪ್ಪಿಸಲು ಹಾಗೆ ಮಾಡಿದ ಅಂತ ಬಿಂದುಬಾಲಾಳಿಗೆ ಗೊತ್ತಿತ್ತು. ಲಾರಿಯಿಂದ ಇಳಿಸಿದ್ದನ್ನು ಅವನು ಮರೆತಿರಲಿಲ್ಲ ಅನ್ನುವುದೂ ಗೊತ್ತಿತ್ತು. ಎರಡರಲ್ಲಿ ಯಾವುದು ಎಷ್ಟು ಪಾಲು ಅಂತ ಮಾತ್ರ ಅವಳಿಗೆ ಕೊನೆಗೂ ತೀರ್ಮಾನಿಸಲು ಆಗಲಿಲ್ಲ.

ಮನೆಗೆ ನಡೆದು ಬರುವಾಗ ಖ್ಯಾಂತ ಪಿಸಿ, “ನಿನ್ನ ಗಂಡನೇ ಟುಸು ಅಂತ ನಂಗೆ ಇಷ್ಟು ದಿನ ಗೊತ್ತೇ ಇರಲಿಲ್ಲ ಕಣೇ,” ಅಂದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಬಿಂದುಬಾಲಾಳೂ ನಕ್ಕಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು.

ಜೈಲಿಗೆ ಹೋದವನು ಮಾಸ್ತರ್, ಹೊರಗೆ ಬಂದವನು ಕವಿ. ಪೇಪರಿನವರು ‘ಜನಕವಿ ದ್ವಿಜಪದ’ ಅಂತ ಬರೆದಿದ್ದರು. ಜೈಲಿನಲ್ಲಿ ಗಡ್ಡ ಬೇರೆ ಬಿಟ್ಟಿದ್ದ, ಅದು ಕವಿಗೆ ಒಪ್ಪುತ್ತಿತ್ತು. ಹೋದಲ್ಲೆಲ್ಲ ಹಾರ. ಹಾರ ಹಾಕಿದವರು ಒಂದು ಹಾಡಿ ದಾದಾ ಅನ್ನುವರು. ಇವನು ಗಂಟಲು ಮುಟ್ಟಿ ತೋರಿಸುವನು. ಜೈಲಿನಲ್ಲಿ ಗಂಟಲು ಹಾಳಾಯಿತಂತೆ ಅಂತ ಜನ ಕಣ್ಣೊರೆಸಿಕೊಳ್ಳುವರು. ಈಗ ಭಾಷಣದ ಮಧ್ಯೆ ಯಾರೂ ಎದ್ದು ಹೋಗುತ್ತಿರಲಿಲ್ಲ. ಹಾಡು ಕಟ್ಟಿದವನ ಭಾಷಣದಲ್ಲಿ ಏನೋ ಇರಲೇಬೇಕು ಅಂತ ಕೂತು ಕಾಯುತ್ತಿದ್ದರು.

ಹೊಸ ಹಾಡು ಬೇಕು ಅಂತ ಸಂಘದವರು ಕೇಳಿದಾಗ ಅವನು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ.

“ಕೇಳಿಸ್ತಾ? ಝಾಲ್ದಾ ಊರಿನ ಸಭೆಗೆ ಒಂದು ಹಾಡು ಬೇಕಿತ್ತು.”

“ಕವಿಗಳನ್ನ ಕೇಳಿ.”

“ಬಿಂದು, ತಮಾಷೆ ಮಾಡಬೇಡ.”

“ನಾನೆಲ್ಲಿ ಮಾಡಿದೆ? ಪೇಪರಿನವರು ಮಾಡಿದ್ದು.”

ಆದರೂ ಕಟ್ಟಿಕೊಡುತ್ತಿದ್ದಳು. ಶಾಲೆ ಅವಳ ಊರಿನದೂ ಹೌದು. ಮಕ್ಕಳು ಬೆಳಿಗ್ಗೆ ಒಳಗೆ ಹೋಗಿ ಸಂಜೆ ಅರ್ಥವಾಗದ ಮುಖ ಹೊತ್ತು ಹೊರಗೆ ಬರುವುದನ್ನು ಅವಳೂ ನೋಡುತ್ತಿದ್ದಳು. ಒಮ್ಮೆ ದ್ವಿಜಪದನಿಗೆ ಮನಸ್ಸು ಚುಚ್ಚಿತು. ಪುರುಲಿಯಾದ ದೊಡ್ಡ ಸಭೆಯಲ್ಲಿ ಎದ್ದು ನಿಂತು, “ಈ ಹಾಡು ನನ್ನದಲ್ಲ, ನನ್ನ ಹೆಂಡತಿಯದು,” ಅಂದೇಬಿಟ್ಟ. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ಎಂಥ ವಿನಯ, ಹೆಂಡತಿಗೆ ಎಂಥ ಗೌರವ, ಅಂತ ಮರುದಿನ ಪೇಪರಿನಲ್ಲೂ ಬಂತು. ಅವನು ಕೈಲಾದದ್ದು ಮಾಡಿದೆ ಅಂತ ಸಮಾಧಾನಪಟ್ಟುಕೊಂಡ. ಬಿಂದುಬಾಲಾಳಿಗೆ ಸಮಾಧಾನ ಆಗಲಿಲ್ಲ, ಆದರೆ ಸಿಟ್ಟು ಮಾಡಲು ಇನ್ನು ಕಾರಣವೂ ಉಳಿಯಲಿಲ್ಲ. ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

ಆಮೇಲೆ, ನಮ್ಮನ್ನು ಬಂಗಾಳಕ್ಕೆ ಸೇರಿಸಿ ಅಂತ ಕೇಳಲು ಕೋಲ್ಕತ್ತಾಕ್ಕೆ ಕಾಲ್ನಡಿಗೆ. ಚೈತ್ರ ಕಳೆದು ವೈಶಾಖದ ಬಿಸಿಲು, ಕೆಂಪು ಧೂಳು, ಸಾವಿರ ಜನ. ಖ್ಯಾಂತ ಪಿಸಿಗೆ ಬರಬೇಡ ಅಂತ ಎಲ್ಲರೂ ಹೇಳಿದರು. ಅವಳು ಕೇಳಲಿಲ್ಲ. ಹೊರಡುವ ಮುನ್ನ ದ್ವಿಜಪದನ ಕೈ ಹಿಡಿದು, “ನಾನು ಬಂಗಾಳದಲ್ಲಿ ಸಾಯಬೇಕು ಮಾಸ್ತರ್. ಆಗತ್ತಾ?” ಅಂತ ಕೇಳಿದಳು.

“ಆಗತ್ತೆ ಪಿಸಿ. ನಮ್ಮೂರಲ್ಲೇ ಸಾಯ್ತೀರಿ, ಬಂಗಾಳದಲ್ಲೇ ಸಾಯ್ತೀರಿ. ನಾನು ಮಾತು ಕೊಡ್ತೀನಿ,” ಅಂದ ದ್ವಿಜಪದ. ಕೊಡಲು ಅವನ ಹತ್ತಿರ ಮಾತು ಬೇಕಾದಷ್ಟಿತ್ತು.

ದಾರಿಯುದ್ದಕ್ಕೂ ಪಿಸಿ ಬಂಗಾಳ ಬಂತಾ ಅಂತ ಕೇಳುತ್ತಲೇ ಇದ್ದಳು. ಗಡಿ ದಾಟಿದಾಗ ಬಂತು ಅಂದರು. ಅವಳು ಬಗ್ಗಿ ಮಣ್ಣು ಮುಟ್ಟಿ ನೋಡಿ, “ನಮ್ಮದೇ ಮಣ್ಣು,” ಅಂದಳು, ಸ್ವಲ್ಪ ನಿರಾಸೆಯಿಂದ. ಹೌರಾ ಸೇತುವೆ ದಾಟಿದ ಮೇಲೆ ಎಲ್ಲರನ್ನೂ ಹಿಡಿದು ಜೈಲಿಗೆ ಹಾಕಿದರು. ಆದರೆ ಕೋಲ್ಕತ್ತಾದ ಪೊಲೀಸರು ಬಂಗಾಳಿಯಲ್ಲಿ ಬಂಧಿಸಿದರು. ಇಷ್ಟು ವರ್ಷದ ಹೋರಾಟದಲ್ಲಿ ಇದು ಮೊದಲ ಗೆಲುವು ಅಂತ ದ್ವಿಜಪದ ಜೈಲಿನಲ್ಲಿ ಭಾಷಣ ಮಾಡಿದ. ಅಲ್ಲಿಂದ ಎದ್ದು ಹೋಗಲು ಯಾರಿಗೂ ಅನುಕೂಲ ಇರಲಿಲ್ಲ.

ಗೆಲುವು ಬಂದೇ ಬಂತು. ಆ ವರ್ಷವೇ ದಿಲ್ಲಿಯಲ್ಲಿ ಮಾನ್‌ಭೂಮನ್ನು ಸೀಳಿ ಒಂದು ಪಾಲನ್ನು ಬಂಗಾಳಕ್ಕೆ ಕೊಟ್ಟರು. ಗೆರೆ ಎಳೆದವರು ನಕ್ಷೆಯಲ್ಲಿ ಅನುಕೂಲವಾಗಿ ಒಂದು ಹೊಳೆ ಕಂಡು ಅದನ್ನೇ ಗಡಿ ಮಾಡಿದರು. ಅದು ನಮ್ಮ ಶಾಲ್ದಾ. ಹೆಸರಿಗೆ ಹೊಳೆ, ಪೌಷದಲ್ಲಿ ಮೊಣಕಾಲುದ್ದ ನೀರು. ಆಚೆ ದಡದ ನೂತನ್‌ಡಿ ಬಂಗಾಳವಾಯಿತು. ಈಚೆ ದಡದ ಕುಸುಮಜೋಡ್ ಬಿಹಾರದಲ್ಲೇ ಉಳಿಯಿತು. ನೂತನ್‌ಡಿಯವರು ಹೋರಾಟದ ಹೊತ್ತಿನಲ್ಲಿ ಭತ್ತ ಕೊಯ್ಯುತ್ತಿದ್ದರು. ಒಬ್ಬರೂ ಜೈಲಿಗೆ ಹೋದವರಲ್ಲ.

ನೂತನ್‌ಡಿ ಬಿಂದುಬಾಲಾಳ ತವರು. ಅಲ್ಲಿ ಅವಳ ಬಾಲ್ಯದ ಗೆಳತಿ ಇದ್ದಳು. ಚಿಕ್ಕಂದಿನಲ್ಲಿ ದೇವರ ಮುಂದೆ ಹೂವು ಬದಲಿಸಿಕೊಂಡು ಗೆಳೆತನ ಕಟ್ಟಿದವರು. ಅಂಥವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯಬಾರದು, ಇಬ್ಬರೂ ಇಬ್ಬರಿಗೂ ‘ಫೂಲ್’. ಬಂಗಾಳವಾದ ದಿನ ಫೂಲ್ ಸೀರೆ ಎತ್ತಿಕಟ್ಟಿ ಹೊಳೆ ದಾಟಿ ಒಂದು ಕುಡಿಕೆ ರಸಗುಲ್ಲ ತಂದುಕೊಟ್ಟಳು. ಆಚೆ ದಡದಲ್ಲಿ ಪಟಾಕಿ ಹೊಡೆಯುತ್ತಿದ್ದರು. ಖ್ಯಾಂತ ಪಿಸಿ ಒಂದು ರಸಗುಲ್ಲ ತಿಂದು, “ನಮ್ಮ ಸರದಿ ಯಾವತ್ತು ಮಾಸ್ತರ್?” ಅಂತ ಕೇಳಿದಳು.

“ನೋಡೋಣ ಪಿಸಿ,” ಅಂದ ದ್ವಿಜಪದ. ಅಷ್ಟು ಸಣ್ಣ ವಾಕ್ಯವನ್ನು ಅವನ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಅವತ್ತು ಅವನು ಊಟ ಮಾಡಲಿಲ್ಲ. ಪಿಸಿ ಮಾತ್ರ ದಿನಾ ಬರುವಳು, ಮಂಡಕ್ಕಿಯ ಬುಟ್ಟಿ ಕೆಳಗಿಳಿಸುವಳು, ಸರದಿ ಕೇಳುವಳು. ಅವಳ ದನಿ ಕೇಳಿದರೆ ಅವನು ಹಿತ್ತಲ ಬಾಗಿಲಿಂದ ಹೊರಟುಬಿಡುತ್ತಿದ್ದ. ಸುಳ್ಳು ಹೇಳಲು ಬಿಂದುಬಾಲಾ ಉಳಿಯುತ್ತಿದ್ದಳು.

ಪೌಷಕ್ಕೆ ಮುಂಚಿನ ಅಘ್ರಾಣ ಮಾಸದ ಕೊನೆಗೆ ಪುರುಲಿಯಾದಿಂದ ಸಂಘದ ಕಾರ್ಯದರ್ಶಿ ಅನಾದಿಬಾಬು ಬಂದರು. ತೆಳ್ಳಗೆ, ಚಿನ್ನದ ಬಣ್ಣದ ಕನ್ನಡಕ, ಬೇಗ ಕಣ್ಣೀರು ಬರುವ ಸ್ವಭಾವ. ಚುನಾವಣೆ ಹತ್ತಿರ ಬಂದಿತ್ತು.

“ದಾದಾ, ನೀವು ಈ ಕಡೆ ಕೊಳೆಯೋದು ಬೇಡ. ಆಚೆ ಬನ್ನಿ. ಅತ್ತಿಗೆಯ ತವರೇ ಇದೆ, ಅಲ್ಲೇ ಮನೆ ಮಾಡಿ. ನಮ್ಮ ಟಿಕೇಟು ನಿಮಗೆ. ನಿಮ್ಮೆದುರು ನಿಲ್ಲೋಕೆ ಯಾರಿಗೆ ಧೈರ್ಯ? ಕೋಲ್ಕತ್ತಾದ ವಿಧಾನಸಭೇಲಿ ಬಂಗಾಳೀಲಿ ಮಾತಾಡ್ತೀರಿ, ಯೋಚನೆ ಮಾಡಿ.”

ದ್ವಿಜಪದ ಯೋಚನೆ ಮಾಡಿದ. ಸಂಕ್ರಾಂತಿಗೆ ಹೊಳೆಯ ಹತ್ತಿರ ಉತ್ತರ ಹೇಳುತ್ತೇನೆ ಅಂದ. ಅನಾದಿಬಾಬು ಹೋದ ಮೇಲೆ ಪುಸ್ತಕಗಳನ್ನು ಕೆಳಗಿಳಿಸಿ ಧೂಳು ಕೊಡವಿ ಹಗ್ಗದಲ್ಲಿ ಕಟ್ಟತೊಡಗಿದ. ಬಿಂದುಬಾಲಾ ನೋಡಿದಳು.

“ಏನೂಂದ್ರೆ, ಗೆದ್ದಲು ಬಂತಾ?”

“ಇಲ್ಲ, ಸುಮ್ನೆ. ನಿನಗೂ ಸಂತೋಷ ಅಲ್ವಾ? ನಿನ್ನ ತವರು.”

ಅವಳು ಪುಸ್ತಕದ ಕಟ್ಟಿನ ಪಕ್ಕ ಕೂತಳು. ತವರು ಅಂದರೆ ಅವಳಿಗೆ ಆಸೆ ಇರಲಿಲ್ಲ ಅಂದರೆ ಸುಳ್ಳು. ತಾಯಿ ಇನ್ನೂ ಬದುಕಿದ್ದಳು. ಫೂಲ್ ಇದ್ದಳು. ಗಂಡ ದಣಿದಿದ್ದಾನೆ, ಕೂದಲು ಬೆಳ್ಳಗಾಗಿದೆ, ಒಂದು ಸಲವಾದರೂ ಗೆದ್ದ ಕಡೆ ನಿಲ್ಲಬೇಕು ಅಂತ ಅವನಿಗೆ ಅನ್ನಿಸಿದರೆ ತಪ್ಪೇನೂ ಇಲ್ಲ. ಇದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು. ಆದರೆ ಇವನು ಹೋದರೆ ಈ ದಡದಲ್ಲಿ ಶಾಲೆಯ ಮಾತೆತ್ತಲು ಒಂದು ನರಪಿಳ್ಳೆಯೂ ಉಳಿಯುವುದಿಲ್ಲ. ಇವನ ಮಾತು ನಂಬಿ ಕಾಲು ಬೊಬ್ಬೆ ಬರಿಸಿಕೊಂಡವರೆಲ್ಲ ಉಳಿಯುತ್ತಾರೆ.

“ಖ್ಯಾಂತ ಪಿಸಿಗೆ ಏನು ಹೇಳ್ತೀರಿ?”

ದ್ವಿಜಪದ ಹಗ್ಗದ ಗಂಟನ್ನು ಎರಡು ಸಲ ಬಿಗಿದ. “ನೀನೇ ಏನಾದ್ರೂ ಹೇಳು. ನಿನಗೆ ಹೇಳೋಕೆ ಚೆನ್ನಾಗಿ ಬರತ್ತೆ.”

ಬಿಂದುಬಾಲಾ ಎದ್ದು ಒಳಗೆ ಹೋಗಿ ಸಂಕ್ರಾಂತಿಯ ಸಿಹಿತಿಂಡಿ ಪಿಠೆಗೆ ಅಕ್ಕಿ ಕುಟ್ಟತೊಡಗಿದಳು. ಬೇಕಾದ್ದಕ್ಕಿಂತ ಜೋರಾಗಿ ಕುಟ್ಟಿದಳು.

ಸಂಕ್ರಾಂತಿಯ ಬೆಳಿಗ್ಗೆ ಮಂಜು ಹರಿಯುವ ಹೊತ್ತಿಗೆ ಶಾಲ್ದಾದ ಎರಡೂ ದಡ ಬಣ್ಣದ ಕಾಗದದ ಮಂಟಪಗಳಿಂದ ತುಂಬಿತ್ತು. ಆಚೆ ದಡದಲ್ಲಿ ಅನಾದಿಬಾಬುವನ್ನು ಕುರ್ಚಿ ಹಾಕಿ ಕೂರಿಸಿದ್ದರು. ಕೈಯಲ್ಲಿ ಎಲೆ, ಎಲೆಯಲ್ಲಿ ಖರ್ಜೂರದ ಬೆಲ್ಲದ ಪಿಠೆ. ಈಚೆ ದಡದಲ್ಲಿ ದ್ವಿಜಪದ ಇಸ್ತ್ರಿ ಮಾಡಿದ ಜುಬ್ಬಾ ಹಾಕಿ ಗಂಡಸರ ಗುಂಪಿನಲ್ಲಿ ನಿಂತಿದ್ದ. ಹಾಡು ಮುಗಿದ ಮೇಲೆ ದಾಟಿಹೋಗಿ ಆಗಲಿ ಅನ್ನುವುದು ಅವನ ಲೆಕ್ಕ.

ನೂತನ್‌ಡಿಯವರು ಮೊದಲು ಶುರುಮಾಡಿದರು. ಎತ್ತಿಕೊಟ್ಟವಳು ಫೂಲ್. ಹೊಳೆಯಲ್ಲಿ ಗೆಳೆತನ ನಡೆಯುವುದಿಲ್ಲ.

ಕೋಲ್ಕತ್ತಾಕ್ಕೆ ನಡೆದು ಹೋದ ನಿಮ್ಮೂರಿನ ಗಂಡು,
ಬಂಗಾಳಾನ ಹೊತ್ತು ತಂದ ಹೊಳೆಯ ದಡ ಕಂಡು;
ಊರವರಿಗೆಲ್ಲ ಸೀರೆ ಹಂಚಿ ಮನೆಗೆ ಬಂದನಂತೆ,
ಹೆಂಡತಿಗೊಂದು ತರೋದನ್ನೇ ಮರೆತುಬಿಟ್ಟನಂತೆ!

ಆಚೆ ದಡದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅನಾದಿಬಾಬು ನಗಬಾರದು ಅಂತ ಪಿಠೆಯನ್ನು ಬಾಯಿಗೆ ತುರುಕಿಕೊಂಡರು. ಈಚೆ ದಡದ ಹೆಂಗಸರು ಬಿಂದುಬಾಲಾಳ ಮುಖ ನೋಡಿದರು. ಯಾರ ಬಾಯಿಂದಲೂ ಸಾಲು ಹೊರಡಲಿಲ್ಲ. ಹಾಡಿನಲ್ಲಿ ಇದ್ದದ್ದು ನಿಜ, ನಿಜಕ್ಕೆ ಎದುರು ಹಾಡು ಕಟ್ಟುವುದು ಕಷ್ಟ. ಖ್ಯಾಂತ ಪಿಸಿ ದ್ವಿಜಪದನ ಕಡೆ ತಿರುಗಿ, “ಏನಪ್ಪಾ ಕವಿ, ಸುಮ್ನೆ ನಿಂತೆ?” ಅಂದಳು.

ಬಿಂದುಬಾಲಾ ಮಂಟಪವನ್ನು ಪಕ್ಕದವಳ ಕೈಗೆ ಕೊಟ್ಟು ನೀರಿಗಿಳಿದಳು. ಚಳಿಯ ನೀರು. ಗಂಡನ ಕಡೆ ನೋಡಲಿಲ್ಲ. ನೋಡಿದ್ದರೆ ಆಗುತ್ತಿರಲಿಲ್ಲ ಅಂತ ಅವಳಿಗೆ ಗೊತ್ತಿತ್ತು.

ದಾಟಿ ಬಾ ಅಂತ ಕರೀಬೇಡ ಫೂಲ್, ನೀರೇನೂ ಆಳ ಇಲ್ಲ,
ಮೊಣಕಾಲು ನೆನೆಸಿ ಬರಬಲ್ಲೆವು, ಬರೋ ಮನಸೇ ಇಲ್ಲ;
ನಿಮ್ಮ ದಡಕ್ಕೆ ಬಂಗಾಳ ಬಂತು, ನಿಮ್ಮ ಹಾಡು ಮುಗಿದ್ಹೋಯ್ತು,
ಮಾಸ್ತರನ್ನ ಬಿಟ್ಟುಕೊಡೋಲ್ಲ, ನಮ್ಮ ಪಾಠ ಈಗ ಶುರುವಾಯ್ತು!

ಎರಡನೆಯ ಸಲಕ್ಕೆ ಹಿಂದಿನ ಹೆಂಗಸರು ದನಿ ಸೇರಿಸಿದರು, ಮೂರನೆಯ ಸಲಕ್ಕೆ ಗಂಡಸರು. ಆಚೆ ದಡದಲ್ಲಿ ನಗು ನಿಂತಿತು. ಫೂಲ್ ಉತ್ತರಕ್ಕಾಗಿ ತನ್ನವರ ಮುಖ ನೋಡಿದಳು, ಅವರು ನೀರು ನೋಡಿದರು.

ದ್ವಿಜಪದನಿಗೆ ಅರ್ಥವಾಗುವ ಮೊದಲೇ ಅನಾದಿಬಾಬುವಿಗೆ ಅರ್ಥವಾಗಿತ್ತು. ಕುಸುಮಜೋಡ್‌ನ ಹಾಡು ಅಂದರೆ ಜನಕವಿಯ ಹಾಡು ಅಂತ ಇಡೀ ಜಿಲ್ಲೆಗೆ ಗೊತ್ತಿರುವಾಗ ಅವರಿಗೆ ಗೊತ್ತಿಲ್ಲವೇ? ಎಲೆ ಬಿಸಾಕಿ ಎದ್ದರು. ಪಂಚೆ ಎತ್ತಿ ಹಿಡಿದು, ಚಪ್ಪಲಿ ಕಾಲಲ್ಲೇ ಹೊಳೆ ದಾಟಿ ಬಂದು ದ್ವಿಜಪದನನ್ನು ಅಪ್ಪಿಕೊಂಡರು. ಕನ್ನಡಕದ ಒಳಗೆ ಆಗಲೇ ನೀರು.

“ಹಾಡಿನಲ್ಲೇ ಉತ್ತರ ಕೊಟ್ಟುಬಿಟ್ರಲ್ಲ ದಾದಾ! ಖಚಿತ ಸೀಟು ಒದ್ದು ಸೋತವರ ಜೊತೆ ನಿಂತ್ರಲ್ಲ!”

“ಅನಾದಿಬಾಬು, ಅದು ನಾನಲ್ಲ...”

“ಬೇಡ. ನಿಮ್ಮ ವಿನಯ ನನಗೆ ಗೊತ್ತು.”

ಸುತ್ತ ಜೈಕಾರ ಎದ್ದಿತು. ದ್ವಿಜಪದನ ಪ್ರಸಿದ್ಧ ತ್ಯಾಗ ನಡೆದದ್ದು ಹೀಗೆ. ಪೇಪರಿನಲ್ಲಿ ಬಂತು, ಈಗಲೂ ನಮ್ಮ ಕಡೆ ಹಿರಿಯರು ಮಕ್ಕಳಿಗೆ ಹೇಳುತ್ತಾರೆ. ಆ ಚುನಾವಣೆಯಲ್ಲಿ ಅವನು ಈಚೆ ದಡದಿಂದಲೇ ಪಕ್ಷೇತರನಾಗಿ ನಿಂತ, ಕೂದಲೆಳೆಯಲ್ಲಿ ಗೆದ್ದ. ಪಾಟ್ನಾದ ವಿಧಾನಸಭೆಯಲ್ಲಿ ಐದು ವರ್ಷ ಬಂಗಾಳಿಯಲ್ಲಿ ಮಾತಾಡಿದ. ಯಾರಿಗೂ ಅರ್ಥವಾಗಲಿಲ್ಲ, ಹಾಗಾಗಿ ಯಾರೂ ವಿರೋಧಿಸಲೂ ಇಲ್ಲ. ಕೊನೆಯ ವರ್ಷ ಕುಸುಮಜೋಡ್ ಶಾಲೆಗೆ ಒಬ್ಬ ಬಂಗಾಳಿ ಮಾಸ್ತರನನ್ನು ಕೊಟ್ಟರು, ಬಹುಶಃ ಅವನ ಮಾತು ನಿಲ್ಲಲಿ ಅಂತ. ಮುಂದಿನ ಸಲ ಸೋತ. ಇದೆಲ್ಲ ಆಮೇಲಿನ ಮಾತು.

ಅವತ್ತು ಗಂಡ ಹೆಂಡತಿ ಹೊಳೆಯಿಂದ ಮನೆಗೆ ಹೊರಟರು. ಹುಲ್ಲಿನ ಬಣವೆಯ ತಿರುವಿನಲ್ಲಿ ದ್ವಿಜಪದ ನಿಂತ.

“ನನ್ನನ್ನ ಒಂದು ಮಾತು ಕೇಳಬಹುದಿತ್ತು.”

“ಕೋರ್ಟಲ್ಲಿ ನೀವು ನನ್ನನ್ನ ಕೇಳಿದ್ರಾ?”

“ನೀನು ಜೈಲಿಗೆ ಹೋಗಬಾರದು ಅಂತ ಹಾಗಂದೆ ಬಿಂದು.”

“ನಾನು ಏಳ್ತಾ ಇದ್ದೆ. ನಾನು ಅಂತ ಹೇಳೋಕೆ ಏಳ್ತಾ ಇದ್ದೆ,” ಅಂದಳು ಬಿಂದುಬಾಲಾ. “ನೀವು ಹೆಸರು ತಗೊಂಡ್ರಿ. ತಗೊಂಡ ಮೇಲೆ ಪೂರ್ತಿ ತಗೋಬೇಕು. ಬೇಕಾದ ಹಾಡು ಮಾತ್ರ ನಿಮ್ಮದು ಅಂದ್ರೆ ಆಗಲ್ಲ.”

ಅವನು ಬಣವೆಗೆ ಒರಗಿ ನಿಂತ. ಅವಳು ಏಳುತ್ತಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ತಾನು ಅವಳನ್ನು ಕಾಪಾಡಿದೆ ಅಂತಲೇ ತಿಳಿದಿದ್ದ. ಸಿಟ್ಟು ಬಂತು, ನಾಚಿಕೆಯೂ ಬಂತು.

ಜುಬ್ಬಾಕ್ಕೆ ಅಂಟಿದ ಹುಲ್ಲು ಕೊಡವುತ್ತಾ, “ಪಿಸಿಗೆ ಏನು ಹೇಳಲಿ?” ಅಂತ ಕೇಳಿದ.

“ಅದನ್ನ ನೀವೇ ಕಟ್ಟಿ,” ಅಂದು ಅವಳು ಮುಂದೆ ನಡೆದಳು.

ಅವನು ಮನೆಗೆ ಬರಲಿಲ್ಲ, ನೇರ ಖ್ಯಾಂತ ಪಿಸಿಯ ಗುಡಿಸಲಿಗೆ ಹೋದ. ಬಿಂದುಬಾಲಾ ಬೇಲಿಯ ಈಚೆ ನಿಂತು ಕೇಳಿಸಿಕೊಂಡಳು.

“ಪಿಸಿ, ನಮ್ಮ ಸರದಿ ಇಲ್ಲ. ಬಂಗಾಳ ಹೊಳೆಯ ಆಚೆಗೇ ನಿಂತುಬಿಟ್ಟಿತು. ನನ್ನ ಕೈಲಿ ತರೋಕೆ ಆಗಲಿಲ್ಲ. ನಿಮಗೆ ಸುಳ್ಳು ಮಾತು ಕೊಟ್ಟೆ.”

ಒಳಗೆ ಮಂಡಕ್ಕಿಯ ಬುಟ್ಟಿ ಕೆಳಗಿಳಿಸಿದ ಸದ್ದಾಯಿತು. ಆಮೇಲೆ ಮುದುಕಿಯ ದನಿ ಬಂತು.

“ಅದು ನಂಗೆ ಪಟಾಕಿ ಹೊಡೆದ ದಿನವೇ ಗೊತ್ತಾಯ್ತು ಮಾಸ್ತರ್. ನೀನು ಯಾವತ್ತು ಬಂದು ಹೇಳ್ತೀಯ ಅಂತ ದಿನಾ ಕೇಳ್ತಾ ಇದ್ದೆ.”